ಕಿಡಿಯ ಉಳಿ

ರಾತ್ರಿ ಮಲಗುವ ಮುನ್ನ ದೀಪವಾರಿಸಲೆಂದು ಸ್ವಿಚ್ಚನ್ನು ಒತ್ತಿದಾಗ, ಕೋಣೆ ಕತ್ತಲಾಗುವ ಆ ಕ್ಷಣದಲ್ಲಿಯೇ ಅದರ ಸಂದಿನಲ್ಲಿ ನೀಲಿಯ ಮಿಂಚೊಂದು ಮಿನುಗಿ ಮಾಯವಾಗುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಕಾದ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಅವಸರದಿಂದ ಕಿತ್ತಾಗಲಂತೂ ‘ಚಟ್’ ಎಂಬ ಸದ್ದೂ ಕೇಳಿಸುವುದುಂಟು. “ಮೊದಲು ಸ್ವಿಚ್ಚು ಆರಿಸು, ಆಮೇಲೆ ಪ್ಲಗ್ಗು ತೆಗೆ” ಎಂದು ಮನೆಯ ಹಿರಿಯರು ಮಕ್ಕಳನ್ನು ಗದರಿಸುವುದು ಬರಿಯ ಭಯದಿಂದಲ್ಲ. ಹಳೆಯ ಪ್ಲಗ್ಗಿನ ಹಿತ್ತಾಳೆಯ ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅವುಗಳ ಮೈಮೇಲೆ ಕಪ್ಪು ಚುಕ್ಕೆಗಳೂ ಸಣ್ಣ ಸಣ್ಣ ಕುಳಿಗಳೂ ಕಾಣುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತುಹೋದ ಆ ಕಿಡಿ, ಸಾಯುವ ಮುನ್ನ ಒಂದಿಷ್ಟು ಲೋಹವನ್ನು ತಿಂದೇ ಹೋಗಿದೆ.

ಕಿಡಿಗೆ ಈ ಹಸಿವು ಇರುವುದನ್ನು ಬಲ್ಲವರು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಆಮ್ಲಜನಕವನ್ನು ಕಂಡುಹಿಡಿದವರಲ್ಲೊಬ್ಬನೆಂದು ಪಾಠಪುಸ್ತಕಗಳಲ್ಲಿ ಹೆಸರಾಗಿರುವ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಲೋಹದ ಫಲಕಗಳ ಮೇಲೆ ವಿದ್ಯುತ್ತಿನ ಕಿಡಿಗಳನ್ನು ಹಾರಿಸಿ, ಅಲ್ಲಿ ಮೂಡಿದ ವೃತ್ತಾಕಾರದ ಕಲೆಗಳನ್ನೂ ಬಣ್ಣದ ಬಳೆಗಳನ್ನೂ ಕುರಿತು 1768ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಆದರೆ ಅವನಿಗೆ ಅದು ಪ್ರಕೃತಿಯ ಒಂದು ಕೌತುಕವಾಗಿತ್ತು. ಅವನ ತರುವಾಯ ವಿದ್ಯುದ್ಯಂತ್ರಗಳನ್ನು ಕಟ್ಟಿದವರಿಗೆ ಅದು ಒಂದು ಪೀಡೆಯಾಯಿತು. ಆ ಪೀಡೆಯನ್ನು ದಾಸನನ್ನಾಗಿ ಮಾಡಿಕೊಳ್ಳಲು ಪೌನೇ ಎರಡು ಶತಮಾನಗಳು ಬೇಕಾದವು. ಒಂದು ಮಹಾಯುದ್ಧವೂ ಬೇಕಾಯಿತು.

1943ನೆಯ ಇಸವಿ. ಸೋವಿಯತ್ ದೇಶವು ತನ್ನ ಉಳಿವಿಗಾಗಿ ಹೋರಾಡುತ್ತಿದ್ದ ಕಾಲ. ಯುದ್ಧಕ್ಕೆ ಬೇಕಾದ ಮೋಟಾರು ಎಂಜಿನ್ನುಗಳನ್ನು ಒಂದು ಅತ್ಯಲ್ಪ ಭಾಗ ಕಾಡುತ್ತಿತ್ತು. ಪೆಟ್ರೋಲಿನಿಂದ ಓಡುವ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವ ಕಿಡಿಗಾಗಿ ವಿದ್ಯುತ್ಪ್ರವಾಹವನ್ನು ಮತ್ತೆ ಮತ್ತೆ ಕಡಿಯಬೇಕು. ಇದನ್ನು ಮಾಡುವುದು ಟಂಗ್‌ಸ್ಟನ್ನಿನ ಎರಡು ಪುಟ್ಟ ಬಿಲ್ಲೆಗಳು. ಹಳೆಯ ಕಾರು, ಸ್ಕೂಟರುಗಳನ್ನು ರಿಪೇರಿ ಮಾಡಿದವರಿಗೆ ಇವು ‘ಸಿ.ಬಿ. ಪಾಯಿಂಟ್’ ಎಂಬ ಹೆಸರಿನಿಂದ ಸುಪರಿಚಿತ. ನಾಲ್ಕು ಸಿಲಿಂಡರುಗಳ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಆ ಬಿಲ್ಲೆಗಳು ನಿಮಿಷಕ್ಕೆ 6000 ಬಾರಿ ಅಗಲಬೇಕು. ಅಗಲಿದಾಗಲೆಲ್ಲ ಅವುಗಳ ನಡುವೆ ಒಂದು ಕಿಡಿ. ಕಿಡಿ ಹಾರಿದಾಗಲೆಲ್ಲ ಲೋಹದ ಒಂದು ಕಣ ನಷ್ಟ. ಟಂಗ್‌ಸ್ಟನ್ನಿನಂತಹ ಗಟ್ಟಿ ಲೋಹವೂ ಇದನ್ನು ತಾಳಲಾರದಾಯಿತು. ಬಿಲ್ಲೆ ಸವೆದರೆ ಎಂಜಿನ್ನು ನಿಲ್ಲುತ್ತದೆ. ರಣರಂಗದಲ್ಲಿ ಎಂಜಿನ್ನು ನಿಂತರೆ ಅದರೊಳಗಿನ ಮನುಷ್ಯರ ಗತಿಯೇನೆಂಬುದನ್ನು ಹೇಳಬೇಕಾಗಿಲ್ಲ.

ಈ ಸವೆತವನ್ನು ತಡೆಯುವ ಬಗೆಯನ್ನು ಹುಡುಕುವ ಕೆಲಸ ಮಾಸ್ಕೋ ನಗರದ ಬೋರಿಸ್ ಲಜರೆಂಕೊ ಮತ್ತು ನತಾಲಿಯಾ ಲಜರೆಂಕೊ ಎಂಬ ವಿಜ್ಞಾನಿ ದಂಪತಿಗಳ ಪಾಲಿಗೆ ಬಂದಿತು. ಗಾಳಿಯ ಬದಲು ಎಣ್ಣೆಯಲ್ಲಿ ಮುಳುಗಿಸಿದರೆ ಬಿಲ್ಲೆಗಳು ಹೆಚ್ಚು ಬಾಳಬಹುದೆಂದು ಅವರು ಪರೀಕ್ಷಿಸಿದರು. ಸವೆತ ನಿಲ್ಲಲಿಲ್ಲ. ಆದರೆ ಆ ಸೋಲಿನಲ್ಲಿಯೇ ಅವರ ಕಣ್ಣಿಗೆ ಬೇರೊಂದು ಸಂಗತಿ ಬಿದ್ದಿತು. ಗಾಳಿಯಲ್ಲಿ ಮನಬಂದಂತೆ ಹಾರುತ್ತಿದ್ದ ಕಿಡಿ, ಎಣ್ಣೆಯೊಳಗೆ ಶಿಸ್ತಿನಿಂದ ಹಾರುತ್ತಿತ್ತು; ಒಂದೊಂದು ಕಿಡಿಯೂ ಹೆಚ್ಚುಕಡಮೆ ಒಂದೇ ಅಳತೆಯ ಕುಳಿಯನ್ನು ತೋಡುತ್ತಿತ್ತು. ಅಳತೆಗೆ ಸಿಕ್ಕುವ ನಷ್ಟ ನಷ್ಟವೇ ಅಲ್ಲ, ಅದೊಂದು ಶಕ್ತಿ. ತಡೆಯಲಾಗದ ಸವೆತವನ್ನು ಬೇಕಾದ ಕಡೆ, ಬೇಕಾದಷ್ಟೇ ಆಗುವಂತೆ ನಡೆಸಿಕೊಂಡರೇನು? ಅದೇ ವರ್ಷ ಅವರು ಕಿಡಿಯಿಂದಲೇ ಲೋಹವನ್ನು ಕೊರೆಯುವ ವಿಧಾನವನ್ನು ರೂಪಿಸಿದರು. 1946ರಲ್ಲಿ ಅವರಿಗೆ ಸ್ಟಾಲಿನ್ ಪಾರಿತೋಷಕ ದೊರೆಯಿತು.

ಹೆಚ್ಚುಕಡಮೆ ಅದೇ ಕಾಲದಲ್ಲಿ, ಇವರ ಸುಳಿವೇ ಇಲ್ಲದೆ, ಅಮೆರಿಕದಲ್ಲಿ ಸ್ಟಾರ್ಕ್, ಹಾರ್ಡಿಂಗ್, ಬೀವರ್ ಎಂಬ ಮೂವರು ಮತ್ತೊಂದು ತೊಡಕಿನಿಂದ ಹೊರಟು ಅದೇ ದಾರಿಗೆ ಬಂದಿದ್ದರು. ಅವರದು ಮುರಿದ ಟ್ಯಾಪುಗಳ ಸಮಸ್ಯೆ. ಎರಕದ ಭಾಗಕ್ಕೆ ಮರೆಯನ್ನು ಕೊರೆಯುವಾಗ ಉಕ್ಕಿನ ಟ್ಯಾಪು ರಂಧ್ರದೊಳಗೇ ಮುರಿದುಕೊಂಡರೆ, ಹೊರತೆಗೆಯಲು ಉಪಾಯವಿಲ್ಲ. ಕೊರೆಯೋಣವೆಂದರೆ ಅದು ಬೈರಿಗೆಯಷ್ಟೇ ಗಟ್ಟಿ. ಒಂದು ಕಡ್ಡಿಯಷ್ಟು ಉಕ್ಕಿಗಾಗಿ ಬೆಲೆಬಾಳುವ ಇಡೀ ಭಾಗವನ್ನು ಗುಜರಿಗೆ ಎಸೆಯಬೇಕು. ಅವರು ಆ ಮುರುಕನ್ನು ಕಿಡಿಗಳಿಂದ ಪುಡಿಪುಡಿಯಾಗಿ ತಿನ್ನಿಸಿ ಹೊರತೆಗೆದರು.

ಇಲ್ಲಿಯೇ ಈ ವಿದ್ಯೆಯ ಹೆಚ್ಚುಗಾರಿಕೆ ಇರುವುದು. ಉಳಿ, ಅರ, ಗರಗಸ, ಬೈರಿಗೆ ಇವೆಲ್ಲವೂ ತಾವು ಕತ್ತರಿಸುವ ವಸ್ತುವಿಗಿಂತ ಗಟ್ಟಿಯಾಗಿರಬೇಕು. ಕಿಡಿಗೆ ಆ ಹಂಗಿಲ್ಲ. ಅದು ಕತ್ತರಿಸುವುದಿಲ್ಲ, ಕರಗಿಸುತ್ತದೆ. ಉಪಕರಣವು ಮೆತ್ತನೆಯ ತಾಮ್ರದ್ದೋ ಗ್ರಾಫೈಟಿನದೋ ಆಗಿದ್ದರೂ ಹದಗೊಳಿಸಿದ ಕಠಿಣವಾದ ಉಕ್ಕಿನೊಳಗೆ ತನ್ನ ಆಕಾರವನ್ನೇ ಇಳಿಸಬಲ್ಲದು. ಉಪಕರಣಕ್ಕೂ ಉಕ್ಕಿಗೂ ಒಮ್ಮೆಯಾದರೂ ಸ್ಪರ್ಶವಿಲ್ಲ. ಮುಟ್ಟದೆ ಕೆತ್ತುವ ಈ ಉಳಿಯನ್ನು ಹಿಡಿದು ಹತೋಟಿಯಲ್ಲಿಡುವುದು ಹೇಗೆ? ಕಿಡಿ ಹುಟ್ಟುವುದು ಹೇಗೆ, ಗಂಟೆಗಟ್ಟಲೆ ನಡೆಯುವುದು ಹೇಗೆ?

ಒಂದು ತೊಟ್ಟಿಯಲ್ಲಿ ಸೀಮೆಎಣ್ಣೆಯಂತಹ, ವಿದ್ಯುತ್ತನ್ನು ಹಾಯಗೊಡದ ಎಣ್ಣೆ ತುಂಬಿದೆ ಎಂದು ಭಾವಿಸಬೇಕು. ತಳದಲ್ಲಿ ಉಕ್ಕಿನ ತುಂಡು. ಮೇಲಿನಿಂದ ಇಳಿಯುತ್ತಿರುವ ತಾಮ್ರದ ಎಲೆಕ್ಟ್ರೋಡು. ಎರಡರ ನಡುವೆ ಸುಮಾರು 100 ವೋಲ್ಟುಗಳ ಒತ್ತಡ. ಅಂತರ ದೊಡ್ಡದಾಗಿರುವವರೆಗೆ ಏನೂ ನಡೆಯುವುದಿಲ್ಲ. ಎಣ್ಣೆ ಕಾವಲುಗಾರನಂತೆ ನಡುವೆ ನಿಂತಿದೆ. ಅಂತರವು ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟಕ್ಕೆ, ಎಂದರೆ ತಲೆಗೂದಲಿನ ದಪ್ಪದ ಮೂರನೆಯ ಒಂದಂಶದಷ್ಟಕ್ಕೆ, ಇಳಿದಾಗ ಪರಿಸ್ಥಿತಿ ಬದಲಾಗುತ್ತದೆ. 100 ವೋಲ್ಟು ಸಾಮಾನ್ಯವಾದ ಒತ್ತಡವೇ ಸರಿ; ಆದರೆ ಅಷ್ಟು ಕಿರಿದಾದ ಸಂದಿನಲ್ಲಿ ಅದು ಮಿಲಿಮೀಟರಿಗೆ 5000 ವೋಲ್ಟಿನ ಪ್ರಮಾಣಕ್ಕೆ ಏರಿರುತ್ತದೆ.

ಕಣ್ಣಿಗೆ ನುಣುಪಾಗಿ ಕಾಣುವ ಲೋಹವೂ ಸೂಕ್ಷ್ಮದರ್ಶಕದಲ್ಲಿ ಬೆಟ್ಟಗುಡ್ಡಗಳ ನಾಡು. ಒತ್ತಡವೆಲ್ಲ ಅಲ್ಲಿನ ಶಿಖರಗಳ ತುದಿಯಲ್ಲಿ ಒಟ್ಟುಗೂಡುತ್ತದೆ. ಎಣ್ಣೆಯಲ್ಲಿ ತೇಲುವ ಲೋಹದ, ಮಸಿಯ ಕಣಗಳು ಆ ಸೆಳೆತಕ್ಕೆ ಒಳಗಾಗಿ ಸಾಲುಗಟ್ಟಿ, ಹೊಳೆಗೆ ಹಾಕಿದ ದಾಟುಗಲ್ಲುಗಳಂತೆ ನಿಲ್ಲುತ್ತವೆ. ಋಣಾಗ್ರದಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಧನಾಗ್ರದತ್ತ ಧಾವಿಸುತ್ತವೆ. ದಾರಿಯಲ್ಲಿ ಎದುರಾದ ಅಣುಗಳಿಗೆ ಬಡಿದು ಅವುಗಳಿಂದಲೂ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ಷಣಾರ್ಧವೂ ಬೇಕಿಲ್ಲದೆ ಪ್ರವಾಹವೇ ಹರಿಯುತ್ತದೆ. ಎಣ್ಣೆ ಆವಿಯಾಗಿ, ಆವಿ ಸೀಳಿ, ವಿದ್ಯುತ್ತಿಗೆ ಒಂದು ಕಿರುದಾರಿ ತೆರೆದುಕೊಳ್ಳುತ್ತದೆ. ಕಿಡಿ ಹುಟ್ಟುವುದೆಂದರೆ ಇಷ್ಟು.

ಈ ಜನನಕ್ಕೆ ಮುನ್ನ ಒಂದು ನಿರೀಕ್ಷೆಯ ಕಾಲವುಂಟು. ಒತ್ತಡ ಕೊಟ್ಟೊಡನೆ ಕಿಡಿ ಹಾರುವುದಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. ಎಣ್ಣೆ ತೀರ ನಿರ್ಮಲವಾಗಿದ್ದರೆ ಬಹಳ ತಡ. ವಿಚಿತ್ರವೆಂದರೆ ಎಣ್ಣೆಯಲ್ಲಿ ಒಂದಿಷ್ಟು ಕಶ್ಮಲವಿರಬೇಕು. ಹಿಂದಿನ ಕಿಡಿಗಳು ಬಿಟ್ಟುಹೋದ ಕಣಗಳೇ ಮುಂದಿನ ಕಿಡಿಗೆ ದಾರಿಮಾಡಿಕೊಡುತ್ತವೆ. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ. ತುಸು ಇದ್ದರೆ ಮೊಸರು, ಹೆಚ್ಚಾದರೆ ಹುಳಿ.

ದಾರಿ ತೆರೆದೊಡನೆ 100 ವೋಲ್ಟಿದ್ದ ಒತ್ತಡ 25 ವೋಲ್ಟಿನ ಆಸುಪಾಸಿಗೆ ಕುಸಿಯುತ್ತದೆ, ಪ್ರವಾಹ ಮೇಲೇರುತ್ತದೆ. ದಾರಿಯೊಳಗೆ ಅನಿಲವು ಪ್ಲಾಸ್ಮಾ ಎಂಬ ಅವಸ್ಥೆಗೆ ಬಂದು ಸುಮಾರು 8000 ಡಿಗ್ರಿಯಷ್ಟು ಕಾಯುತ್ತದೆ. ಇದು ಸೂರ್ಯನ ಮೇಲ್ಮೈಯ ಉಷ್ಣತೆಗಿಂತ ಹೆಚ್ಚು. ಅದರ ಬುಡ ತಾಗಿದೆಡೆಯಲ್ಲಿ ಉಕ್ಕು ಕರಗಿ ಒಂದು ಪುಟ್ಟ ಕೊಳವಾಗುತ್ತದೆ. ಸುತ್ತಲೂ ಆವಿಯ ಗುಳ್ಳೆ ಉಬ್ಬುತ್ತದೆ. ಆದರೂ ಕರಗಿದ ಲೋಹದ ಬಹುಪಾಲು ಇದ್ದಲ್ಲಿಯೇ ಇರುತ್ತದೆ. ಅದು ಹೊರಕ್ಕೆ ಸಿಡಿಯಬೇಕಾದರೆ ಕಿಡಿ ಆರಬೇಕು. ಪ್ರವಾಹವನ್ನು ನಿಲ್ಲಿಸಿದೊಡನೆ ದಾರಿ ಕುಸಿಯುತ್ತದೆ, ಒತ್ತಿಹಿಡಿದಿದ್ದ ಭಾರ ಇಲ್ಲವಾಗುತ್ತದೆ, ಅತಿಯಾಗಿ ಕಾದ ಲೋಹವು ಒಮ್ಮೆಲೆ ಕುದಿದು ಸಿಡಿಯುತ್ತದೆ. ಸಿಡಿದ ಹನಿಗಳು ತಣ್ಣನೆಯ ಎಣ್ಣೆಗೆ ಬಿದ್ದು ಸಾಸಿವೆಗಿಂತ ಎಷ್ಟೋ ಪಾಲು ಸಣ್ಣದಾದ ಗುಂಡುಗಳಾಗುತ್ತವೆ. ಉಕ್ಕಿನ ಮೇಲೆ ಒಂದು ಕುಳಿ ಉಳಿಯುತ್ತದೆ.

ಆದ್ದರಿಂದ ಕಿಡಿಯನ್ನು ನಡೆಸಿಕೊಂಡು ಹೋಗುವುದೆಂದರೆ ಅದನ್ನು ಆರದಂತೆ ಕಾಪಾಡುವುದಲ್ಲ, ಸಕಾಲದಲ್ಲಿ ಆರಿಸುವುದು. ಒಂದೇ ಕಿಡಿಯನ್ನು ಬದುಕಿಸುತ್ತ ಹೋದರೆ ಅದು ಕಿಡಿಯಾಗಿ ಉಳಿಯುವುದಿಲ್ಲ. ಕಾರ್ಖಾನೆಯವರು ‘ಆರ್ಕ್’ ಎನ್ನುವ, ಬೆಸುಗೆ ಹಾಕುವವನ ಕೈಯಲ್ಲಿ ಕಾಣುವ ಉರಿಯಾಗಿ ಒಂದೇ ಕಡೆ ನಿಂತು ಸುಡುತ್ತದೆ. ಬೆಸುಗೆಗೆ ಅದು ವರ, ಕೆತ್ತನೆಗೆ ಶಾಪ. ಆರಿಸಿದ ಮೇಲೆ ವಿರಾಮವೂ ಬೇಕು. ಆ ವಿರಾಮದಲ್ಲಿ ಎಲೆಕ್ಟ್ರಾನುಗಳೂ ಅಯಾನುಗಳೂ ಮರಳಿ ಕೂಡಿಕೊಳ್ಳಬೇಕು, ಗುಳ್ಳೆ ಅಡಗಬೇಕು, ಕಸ ತೊಳೆದುಹೋಗಬೇಕು, ಎಣ್ಣೆ ಮತ್ತೆ ಕಾವಲಿಗೆ ನಿಲ್ಲಬೇಕು. ಒನಕೆಯಿಂದ ಭತ್ತ ಕುಟ್ಟುವಾಗ ಎರಡು ಪೆಟ್ಟುಗಳ ನಡುವಣ ಬಿಡುವಿನಲ್ಲಿ ಇನ್ನೊಬ್ಬಳು ಕೈಹಾಕಿ ಕಾಳನ್ನು ಮಗುಚುತ್ತಿದ್ದಳಷ್ಟೆ. ಆ ಬಿಡುವಿಲ್ಲದಿದ್ದರೆ ಮೇಲಿನ ಕಾಳು ನುಚ್ಚಾಗಿ ಕೆಳಗಿನದು ಭತ್ತವಾಗಿಯೇ ಉಳಿಯುತ್ತಿತ್ತು. ಇಲ್ಲಿಯೂ ಹಾಗೆಯೇ. ವಿರಾಮ ಸಾಕಷ್ಟಿದ್ದರೆ ಮುಂದಿನ ಕಿಡಿ ಹಳೆಯ ದಾರಿಯನ್ನು ಮರೆತು, ಎಲ್ಲಿ ಅಂತರ ಅತ್ಯಂತ ಕಿರಿದೋ ಅಲ್ಲಿ ಹೊಸದಾಗಿ ಹುಟ್ಟುತ್ತದೆ. ಒಮ್ಮೆ ಕುಳಿಬಿದ್ದ ಜಾಗ ತುಸು ದೂರವಾದುದರಿಂದ ಸರದಿ ಮತ್ತೊಂದು ಶಿಖರದ್ದು. ಹೀಗೆ ಸಾವಿರಾರು ಕಿಡಿಗಳು ಊರೆಲ್ಲ ಸುತ್ತಿ, ಎಲ್ಲಿಯೂ ಪಕ್ಷಪಾತ ಮಾಡದೆ, ಎಲೆಕ್ಟ್ರೋಡಿನ ರೂಪವನ್ನು ಉಕ್ಕಿನಲ್ಲಿ ಇಳಿಸುತ್ತವೆ.

ಸಕಾಲದಲ್ಲಿ ಆರಿಸುವ ಕೆಲಸಕ್ಕೆ ಲಜರೆಂಕೊ ದಂಪತಿಗಳು ಹೂಡಿದ ಏರ್ಪಾಡು ಬಹು ಸರಳವಾದುದು. ಸಣ್ಣ ನಲ್ಲಿಯಿಂದ ಕೊಡವನ್ನು ನಿಧಾನವಾಗಿ ತುಂಬಿಸಿ, ತುಂಬಿದ ಕೂಡಲೇ ಒಂದೇ ಬಾರಿಗೆ ಮಗುಚಿದಂತೆ. ಕೆಪ್ಯಾಸಿಟರ್ ಎಂಬ ವಿದ್ಯುತ್ತಿನ ಕೊಡಕ್ಕೆ ರೋಧಕವೊಂದರ ಮೂಲಕ ವಿದ್ಯುತ್ತು ತೆಳ್ಳಗೆ ಹರಿದು ತುಂಬುತ್ತದೆ. ಒತ್ತಡ ಏರಿ ಏರಿ ಎಣ್ಣೆಯ ತಾಳ್ಮೆಯನ್ನು ಮೀರಿದಾಗ ಕಿಡಿ ಹಾರಿ ಕೊಡ ಬರಿದಾಗುತ್ತದೆ. ಬರಿದಾದುದರಿಂದ ಕಿಡಿ ತಾನಾಗಿ ಆರುತ್ತದೆ. ಮತ್ತೆ ತುಂಬುವಷ್ಟರಲ್ಲಿ ಬೇಕಾದ ವಿರಾಮ ದೊರೆಯುತ್ತದೆ. 1 ಮೈಕ್ರೊಫ್ಯಾರಡ್ ಕೊಡವು 100 ವೋಲ್ಟಿಗೆ ತುಂಬಿದರೆ ಅದರಲ್ಲಿರುವ ಶಕ್ತಿ ಒಂದು ಜೂಲಿನ ಸಾವಿರದಲ್ಲಿ 5 ಭಾಗ ಮಾತ್ರ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಲ್ಲಿಯನ್ನು ಅಗಲ ಮಾಡಿದರೆ ಕೆಲಸ ಬೇಗ ಆಗಬಹುದೆಂದು ರೋಧಕವನ್ನು ತೀರ ಕಡಮೆ ಮಾಡಿದವನಿಗೆ ಕೊಡ ಬರಿದಾಗುವುದೇ ಇಲ್ಲ. ಬರುವ ಪ್ರವಾಹವೇ ಕಿಡಿಯನ್ನು ಸಾಕಿ ಆರ್ಕ್ ಮಾಡಿಬಿಡುತ್ತದೆ.

ಈ ಸರಳತೆಗೆ ಒಂದು ದೋಷವೂ ಇತ್ತು. ಕಿಡಿಯ ಕಾಲವನ್ನೂ ವಿರಾಮದ ಕಾಲವನ್ನೂ ಬೇರೆ ಬೇರೆಯಾಗಿ ನಿಗದಿಮಾಡುವಂತಿರಲಿಲ್ಲ. ಉಪಕರಣವೂ ಬಹಳ ಸವೆಯುತ್ತಿತ್ತು. 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳು ಈ ಕೆಲಸಕ್ಕೆ ಬಂದಮೇಲೆ ಆ ಎರಡು ಕಾಲಗಳೂ ಮನುಷ್ಯನ ಕೈವಶವಾದವು. ಉದಾಹರಣೆಗೆ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ ಪ್ರವಾಹ, 50 ಭಾಗ ವಿರಾಮ ಎಂದು ಗೊತ್ತುಮಾಡಿದರೆ ಸೆಕೆಂಡಿಗೆ ಆರು ಸಾವಿರಕ್ಕೂ ಮಿಕ್ಕಿ ಕಿಡಿಗಳು ಹಾರಬಹುದು. ಕಿಡಿಯ ಆಯುಷ್ಯವನ್ನು ಅಳೆಯಬಲ್ಲವನಿಗೆ ಸವೆತದ ಪಾಲನ್ನೂ ಹಂಚಲು ಬರುತ್ತದೆ. ಅತಿ ಹ್ರಸ್ವವಾದ ಕಿಡಿಯಲ್ಲಿ ಹಗುರವಾದ ಎಲೆಕ್ಟ್ರಾನುಗಳು ಮೊದಲು ತಲಪಿ ಧನಾಗ್ರವನ್ನು ಹೆಚ್ಚು ತಿನ್ನುತ್ತವೆ. ದೀರ್ಘವಾದ ಕಿಡಿಯಲ್ಲಿ ಋಣಾಗ್ರಕ್ಕೇ ಹೆಚ್ಚು ನಷ್ಟ. ಆದಕಾರಣ ದೀರ್ಘ ಕಿಡಿಗಳ ಕೆಲಸದಲ್ಲಿ ಉಪಕರಣವನ್ನು ಧನಾಗ್ರವಾಗಿಸಿ, ಅದರ ಸವೆತವನ್ನು ಅತ್ಯಲ್ಪಕ್ಕೆ ಇಳಿಸುವುದು ಸಾಧ್ಯವಾಯಿತು.

ಇಷ್ಟಾದರೂ ಇನ್ನೊಂದು ಕೊರತೆ ಉಳಿಯಿತು. ಕಿಡಿಗಳು ಉಕ್ಕನ್ನು ತಿಂದಂತೆಲ್ಲ ಅಂತರ ಹಿರಿದಾಗುತ್ತದೆ; ಹಿರಿದಾದರೆ ಕಿಡಿ ಹಾರದು. ಉಪಕರಣವನ್ನು ಕೈಯಿಂದ ಇಳಿಸಹೋದರೆ ತಗಲಿಬಿಡುತ್ತದೆ, ತಗಲಿದರೂ ಕಿಡಿಯಿಲ್ಲ. ಕೂದಲೆಳೆಗಿಂತ ಕಿರಿದಾದ ಆ ಸಂದನ್ನು ಕಾಯಲು ಮನುಷ್ಯನ ಕಣ್ಣಾಗಲಿ ಕೈಯಾಗಲಿ ಸಾಲದು. ಅಮೆರಿಕದ ಆ ಮೂವರು ಈ ಕಾವಲಿಗೆ ನಿರ್ವಾತ ನಳಿಗೆಗಳ ವಿದ್ಯುನ್ಮಂಡಲವನ್ನು ನೇಮಿಸಿದರು. ಇಂದಿನ ಯಂತ್ರಗಳಲ್ಲಿ ಗಣಕವು ಅದನ್ನೇ ಮಾಡುತ್ತದೆ. ತತ್ತ್ವ ಒಂದೇ. ಸಂದಿನಲ್ಲಿ ಏನಾಗುತ್ತಿದೆಯೆಂದು ತಿಳಿಯಲು ಅಲ್ಲಿನ ಒತ್ತಡವನ್ನು ಅಳೆದರೆ ಸಾಕು. ಅದು 100 ವೋಲ್ಟಿನ ಹತ್ತಿರವೇ ನಿಂತಿದ್ದರೆ ಕಿಡಿ ಹಾರುತ್ತಿಲ್ಲ, ಅಂತರ ಹೆಚ್ಚಿದೆ, ಉಪಕರಣ ಇಳಿಯಲಿ. ಸೊನ್ನೆಯ ಹತ್ತಿರ ಬಿದ್ದಿದ್ದರೆ ಎರಡೂ ತಗಲಿವೆ, ಉಪಕರಣ ಏರಲಿ. ಸರಾಸರಿ ಒತ್ತಡ ಇವೆರಡರ ನಡುವೆ ಗೊತ್ತುಮಾಡಿದ ಅಂಕೆಯಲ್ಲಿದ್ದರೆ ಕೆಲಸ ಸುಗಮ. ಈ ಏರಿಳಿತದ ಜೊತೆಗೆ ಆಗಾಗ ಎಲೆಕ್ಟ್ರೋಡು, ನೀರು ಕುಡಿಯುವ ಕೋಳಿಯಂತೆ, ತಲೆಯೆತ್ತಿ ಮತ್ತೆ ಬಗ್ಗುತ್ತದೆ. ಆ ಎತ್ತುವಿಕೆಯಲ್ಲಿ ಹೊಸ ಎಣ್ಣೆ ಒಳನುಗ್ಗಿ ಕಸವನ್ನು ಹೊರತಳ್ಳುತ್ತದೆ.

ಈ ಕಾವಲು ಒಂದು ಕ್ಷಣ ತಪ್ಪಿದರೆ? ಅಚ್ಚು ತಯಾರಿಸುವ ಕಾರ್ಖಾನೆಯಲ್ಲಿ ಈ ಯಂತ್ರದ ಸರದಿ ಅನೇಕ ವೇಳೆ ಕೊನೆಕೊನೆಗೆ ಬರುತ್ತದೆ. ಉಕ್ಕಿನ ತುಂಡು ಅದಾಗಲೇ ಅಳತೆಗೆ ಕಡಿಸಿಕೊಂಡು, ಹದಕ್ಕೆ ಬೆಂದು, ಸಾಣೆ ಹಿಡಿಸಿಕೊಂಡು, ವಾರಗಟ್ಟಲೆ ಹಲವರ ಶ್ರಮವನ್ನು ಮೈಗೂಡಿಸಿಕೊಂಡಿರುತ್ತದೆ. ಆಳವಾದ ಮೂಲೆಯೊಂದರಲ್ಲಿ ಕಸ ಕಟ್ಟಿಕೊಂಡು, ಕಿಡಿ ಅಲ್ಲಿಯೇ ನೆಲೆನಿಂತು ಆರ್ಕ್ ಆದರೆ, ಗಮನಿಸುವಷ್ಟರಲ್ಲಿ ಆಳವಾದ ಸುಟ್ಟ ಗುಳಿ ಬಿದ್ದಿರುತ್ತದೆ. ಉಕ್ಕನ್ನು ತೆಗೆಯಬಹುದಲ್ಲದೆ ಮರಳಿ ತುಂಬಲು ಈ ವಿದ್ಯೆಗೆ ಬಾರದು. ಆದುದರಿಂದಲೇ ನುರಿತ ಕೆಲಸಗಾರನು ಬೇರೆ ಕೆಲಸದಲ್ಲಿ ತೊಡಗಿದ್ದರೂ ಒಂದು ಕಿವಿಯನ್ನು ಯಂತ್ರದತ್ತಲೇ ಇಟ್ಟಿರುತ್ತಾನೆ. ಒಗ್ಗರಣೆಯ ಸಾಸಿವೆಯಂತೆ ಒಂದೇ ಸಮನೆ ಚಿಟಪಟಗುಟ್ಟುತ್ತಿದ್ದರೆ ಚಿಂತೆಯಿಲ್ಲ. ಆ ಸದ್ದು ಮಂಕಾದರೆ, ತಡವರಿಸಿದರೆ, ಓಡಿಹೋಗಿ ಪ್ರವಾಹವನ್ನು ತಗ್ಗಿಸುತ್ತಾನೆ, ಇಲ್ಲವೆ ವಿರಾಮವನ್ನು ಹಿಗ್ಗಿಸುತ್ತಾನೆ. ವೇಗದ ಆಸೆಗೆ ವಿರಾಮವನ್ನು ಕಡಿದವನು ಇಡೀ ಕೆಲಸವನ್ನೇ ಕಳೆದುಕೊಳ್ಳುವ ಅಪಾಯ ಸದಾ ಇದ್ದೇ ಇದೆ.

ಕಿಡಿಯ ಉಳಿಗೆ ತನ್ನದೇ ಆದ ಮಿತಿಗಳೂ ಉಂಟು. ವಿದ್ಯುತ್ತನ್ನು ಹಾಯಗೊಡದ ವಸ್ತುವಿನ ಮೇಲೆ ಅದರ ಆಟ ನಡೆಯದು. ಕೆಲಸ ನಿಧಾನ. ಸಿಡಿಯದೆ ಉಳಿದ ಕರಗಿದ ಲೋಹವು ಮತ್ತೆ ಗಟ್ಟಿಯಾಗಿ ಒಂದು ಬಿರುಸಾದ ಪೊರೆಯಾಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ವಿಮಾನದ ಎಂಜಿನ್ನಿನಲ್ಲಿ ಉರಿಯ ನಡುವೆ ತಿರುಗುವ ಅಲಗುಗಳಿಗೆ ತಂಪುಗಾಳಿ ಹಾಯಲು ಕೊರೆಯುವ ಸಣ್ಣ ರಂಧ್ರಗಳಿಗೆ ಈ ವಿಧಾನ ಬಹಳ ಒದಗಿಬಂದಿದೆ. ಆದರೆ ಇಂತಹ ಜೀವಾಳದ ಭಾಗಗಳಲ್ಲಿ ಆ ಪೊರೆಯನ್ನು ಮಿತಿಯಲ್ಲಿಡಲು ಅತ್ಯಂತ ಎಚ್ಚರ ವಹಿಸಲಾಗುತ್ತದೆ.

ಎಲೆಕ್ಟ್ರೋಡಿನ ಬದಲು ತೆಳುವಾದ ಹಿತ್ತಾಳೆಯ ತಂತಿಯನ್ನೇ ಹೂಡಿ, ಲವಣಾಂಶ ತೆಗೆದ ನೀರಿನಲ್ಲಿ ಉಕ್ಕನ್ನು ಗರಗಸದಂತೆ ಕೊಯ್ಯುವ ಯಂತ್ರಗಳು 1960ರ ದಶಕದ ಕೊನೆಗೆ ಬಂದವು. ಕಾಲು ಮಿಲಿಮೀಟರು ದಪ್ಪದ ಆ ತಂತಿಯನ್ನೂ ಕಿಡಿ ತಿನ್ನುವುದರಿಂದ, ಒಂದು ಸುರುಳಿಯಿಂದ ಸದಾ ಹೊಸ ತಂತಿ ಬಿಚ್ಚಿಬರುತ್ತಲೇ ಇರುತ್ತದೆ. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ವಸಾಹತುಗಳಲ್ಲಿ ‘ವೈರ್ ಕಟ್’ ಎಂಬ ಮಾತು ಕೇಳಿಬರುವುದು ಈ ಯಂತ್ರದ ಕಾರಣದಿಂದಲೇ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ನಾಡಿನ ಹಲವು ಊರುಗಳಿಗೆ ಹಬ್ಬಿ, ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೂ ಅಚ್ಚುಗಳನ್ನು ಮಾಡುವ ಈ ಬಗೆಯ ವಿದ್ಯೆಯನ್ನು ಕಲಿಸುತ್ತ ಬಂದಿದೆ.

ಮನೆಯ ಗೋಡೆಯ ಮೇಲಿನ ಪ್ಲಾಸ್ಟಿಕ್ಕಿನ ಸ್ವಿಚ್ಚುಫಲಕವೋ, ಮೇಜಿನ ಮೇಲಿನ ರೇಡಿಯೊ ಪೆಟ್ಟಿಗೆಯೋ ಬೆರಳಿಗೆ ಮರಳಿನಂತೆ ನಸು ಒರಟಾಗಿ, ಹೊಳಪಿಲ್ಲದೆ ತಾಗುವುದುಂಟು. ಅನೇಕ ವೇಳೆ ಆ ಒರಟುತನ ಕಿಡಿಯ ಕೈಬರಹ. ಅಚ್ಚಿನ ಉಕ್ಕಿನ ಮೇಲೆ ಕಿಡಿಗಳು ತೋಡಿದ ಲಕ್ಷಾಂತರ ಕುಳಿಗಳು ಪ್ಲಾಸ್ಟಿಕ್ಕಿನ ಮೇಲೆ ಪಡಿಮೂಡಿರುತ್ತವೆ. ಒಳಗೆ ಹಿತ್ತಾಳೆಯ ಬಿಲ್ಲೆಯನ್ನು ಕದ್ದು ತಿನ್ನುತ್ತಿರುವ ಕಿಡಿಯೂ, ಹೊರಗಿನ ಫಲಕಕ್ಕೆ ಮೈಬಣ್ಣವನ್ನು ಕೊಟ್ಟ ಕಿಡಿಯೂ ಒಂದೇ ಕುಲದವು. ಒಂದಕ್ಕೆ ಕಾವಲಿಲ್ಲ, ಇನ್ನೊಂದಕ್ಕೆ ಹುಟ್ಟುವ ಗಳಿಗೆಯನ್ನೂ ಆರುವ ಗಳಿಗೆಯನ್ನೂ ಗೊತ್ತುಮಾಡಿಕೊಟ್ಟವರಿದ್ದಾರೆ. ವ್ಯತ್ಯಾಸ ಇಷ್ಟೇ.